ಎವೆಯಿಕ್ಕುವುದರೊಳಗೆ

ಬೆಳಗಾವಿ ಜಿಲ್ಲೆಯ ಗೋಕಾಕದ ಸಮೀಪದಲ್ಲಿ ಘಟಪ್ರಭಾ ನದಿಯು ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಜಲಪಾತದ ಮಗ್ಗುಲಲ್ಲಿಯೇ ನೂಲಿನ ಗಿರಣಿಯೊಂದು ತಲೆಯೆತ್ತಿತು. 1887ರಲ್ಲಿಯೇ ಇಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿದರೆಂದು ಪ್ರಸಿದ್ಧಿಯಿದೆ. ಆದರೆ ವಿದ್ಯುತ್ತು ಗಿರಣಿಯ ಗೋಡೆಯನ್ನು ದಾಟಿ ರೈತನ ಬಾವಿಯನ್ನು ಮುಟ್ಟಲು ಹಲವು ದಶಕಗಳೇ ಹಿಡಿದವು. ನೆರೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪನೆಯಾಯಿತು. ಬಳಕೆದಾರರೇ ಸದಸ್ಯರಾಗಿ ವಿದ್ಯುತ್ತನ್ನು ಹಂಚಿಕೊಳ್ಳುವ ಈ ಪ್ರಯೋಗವು ಆಗ ದೇಶಕ್ಕೇ ಹೊಸದಾಗಿತ್ತು. ಇಂದು ಹುಕ್ಕೇರಿಯಲ್ಲಾಗಲಿ, ಗೋಕಾಕದಲ್ಲಾಗಲಿ, ಗೋಕಾಕದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯಲ್ಲಾಗಲಿ, ಕಬ್ಬಿನ ಹೊಲಗಳ ನಡುವೆ ಪಂಪಿನ ಸದ್ದು ಕೇಳದ ಎಡೆ ಅಪರೂಪ.

ಹೊಲದ ಅಂಚಿನಲ್ಲಿ ಎರಡು ಕಂಬಗಳ ನಡುವೆ ನಿಂತಿರುವ ಪರಿವರ್ತಕವನ್ನು ನೀವು ನೋಡಿರುತ್ತೀರಿ. ರೈತರು ಅದನ್ನು ‘ಟಿ.ಸಿ.’ ಎಂದು ಕರೆಯುತ್ತಾರೆ. 11,000 ವೋಲ್ಟಿನಲ್ಲಿ ಬಂದ ವಿದ್ಯುತ್ತನ್ನು ಅದು ಪಂಪುಗಳಿಗೆ ತಕ್ಕ 400 ವೋಲ್ಟಿನ ಆಸುಪಾಸಿಗೆ ಇಳಿಸುತ್ತದೆ. 25 ಕೆ.ವಿ.ಎ. ಸಾಮರ್ಥ್ಯದ ಟಿ.ಸಿ.ಯಿಂದ ಪ್ರತಿಯೊಂದು ತಂತಿಯಲ್ಲಿ ಸುಮಾರು 35 ಆಂಪಿಯರ್ ಪ್ರವಾಹವು ಸುಖವಾಗಿ ಹರಿಯಬಲ್ಲದು. ಗಾಳಿಗೆ ತಂತಿಗಳು ಒಂದನ್ನೊಂದು ತಾಕಿದರೆ, ಇಲ್ಲವೇ ಕೇಬಲ್ಲಿನ ಹೊದಿಕೆಯನ್ನು ಇಲಿ ಕಡಿದರೆ, ಪ್ರವಾಹವು ಮೋಟಾರಿನ ದಾರಿಯನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಇದೇ ‘ಶಾರ್ಟ್ ಸರ್ಕ್ಯೂಟ್’. ಆಗ ಅದೇ ಟಿ.ಸಿ.ಯಿಂದ ಹೊಮ್ಮುವ ಪ್ರವಾಹವು 700-800 ಆಂಪಿಯರುಗಳನ್ನು ಮುಟ್ಟಬಹುದು.

ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹವು ಇಪ್ಪತ್ತು ಪಟ್ಟಾದರೆ ಶಾಖವು ನಾನೂರು ಪಟ್ಟಾಗುತ್ತದೆ. ಎಷ್ಟು ಹೊತ್ತು ಹರಿಯಿತೆಂಬುದೂ ಇಲ್ಲಿ ಮುಖ್ಯ. ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಅದನ್ನು ತಡೆದರೆ ತಂತಿ ಬಿಸಿಯಾಗಿ ತಣಿಯುತ್ತದೆ. ಹಲವು ಸೆಕೆಂಡು ತಡೆಯದಿದ್ದರೆ ಟಿ.ಸಿ.ಯೊಳಗಿನ ಸುರುಳಿಯ ನಿರೋಧಕ ಹೊದಿಕೆ ಸುಟ್ಟು ಕರಿಯಾಗುತ್ತದೆ. ಬಿರುಬೇಸಗೆಯಲ್ಲಿ ಟಿ.ಸಿ. ಸುಟ್ಟರೆ ಬಾವಿಯಲ್ಲಿ ನೀರಿದ್ದೂ ಕಬ್ಬು ಬಾಡುತ್ತದೆ. ಆದುದರಿಂದ ಅತಿಪ್ರವಾಹವನ್ನು ಕಂಡುಹಿಡಿಯುವ ಕಾವಲುಗಾರನು ಎವೆಯಿಕ್ಕುವುದರೊಳಗೆ ಕೆಲಸ ಮುಗಿಸಬೇಕು.

ಈ ಕಾವಲುಗಾರರಲ್ಲಿ ಅತ್ಯಂತ ಹಳಬನು ಫ್ಯೂಸು. ಅಮೆರಿಕದ ಎಡಿಸನ್ನನು 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಒಂದು ತೆಳುವಾದ ತಂತಿ. ಪ್ರವಾಹ ಮಿತಿಮೀರಿದರೆ ತಾನು ಕರಗಿ ಉಳಿದುದನ್ನು ಉಳಿಸುತ್ತದೆ. ಅದರ ಇನ್ನೊಂದು ಗುಣವೇನೆಂದರೆ, ಪ್ರವಾಹವು ಹೆಚ್ಚಿದಷ್ಟೂ ಅದು ಬೇಗ ಕರಗುತ್ತದೆ. ಇಷ್ಟು ಸರಳವಾದ ವಸ್ತುವಿನಲ್ಲಿ ಇಷ್ಟೊಂದು ವಿವೇಕ ಅಡಗಿರುವುದು ಆಶ್ಚರ್ಯವೇ ಸರಿ. ಆದರೆ ಪದೇ ಪದೇ ಫ್ಯೂಸು ಹೋಗುವುದಕ್ಕೆ ಬೇಸತ್ತು ಅದರ ಜಾಗದಲ್ಲಿ ದಪ್ಪ ತಂತಿಯನ್ನು ಬಿಗಿಯುವವರುಂಟು. ತಂತಿಯ ವ್ಯಾಸವನ್ನು ಇಮ್ಮಡಿ ಮಾಡಿದರೆ ಅದನ್ನು ಕರಗಿಸಲು ಬೇಕಾದ ಪ್ರವಾಹವು ಸುಮಾರು 2.8 ಪಟ್ಟಾಗುತ್ತದೆ. ಆಗ ಫ್ಯೂಸು ಉಳಿಯುತ್ತದೆ, ಟಿ.ಸಿ. ಹೋಗುತ್ತದೆ.

ಹಾಗಾದರೆ, ಪ್ರವಾಹ ತುಸು ಏರಿದ ಕೂಡಲೇ ಕಡಿದುಬಿಡುವ ಸಾಧನವನ್ನು ಮಾಡಬಾರದೇಕೆ? ನಿಜವಾದ ತೊಡಕು ಇರುವುದು ಇಲ್ಲಿಯೇ. 5 ಅಶ್ವಶಕ್ತಿಯ ಮೋಟಾರು ಓಡುವಾಗ ಏಳೆಂಟು ಆಂಪಿಯರ್ ಬಳಸಿದರೂ, ನೇರವಾಗಿ ಹೊರಡಿಸಿದಾಗ ಕ್ಷಣಕಾಲ ಅದರ ಆರು ಪಟ್ಟು ಎಳೆದುಕೊಳ್ಳುತ್ತದೆ. ಹಳ್ಳಿಗೆ ‘ತ್ರೀ ಫೇಸ್’ ಬರುವ ಗಳಿಗೆಯನ್ನು ನೆನೆಯಿರಿ. ಆಟೋ ಸ್ಟಾರ್ಟರ್ ಜೋಡಿಸಿದ ಪಂಪುಗಳೆಲ್ಲ ಒಟ್ಟಿಗೇ ಮೇಲೇಳುತ್ತವೆ. ಟಿ.ಸಿ.ಗಳೂ ಆ ಕ್ಷಣದಲ್ಲಿ ತಮ್ಮನ್ನು ಕಾಂತೀಯಗೊಳಿಸಿಕೊಳ್ಳಲು ಹೆಚ್ಚಿನ ಪ್ರವಾಹವನ್ನು ಸೆಳೆಯುತ್ತವೆ. ಆತುರದ ಕಾವಲುಗಾರನಿಗೆ ಇದೂ ಕಳ್ಳತನವೆಂದೇ ತೋರುವುದು! ಅವನು ಬಾಗಿಲು ಮುಚ್ಚಿದರೆ ಊರಿಗೆ ಊರೇ ಕತ್ತಲು. ಬೇಗ ಗುರುತಿಸುವುದಷ್ಟೇ ಅಲ್ಲ, ಸರಿಯಾಗಿ ಗುರುತಿಸುವುದೂ ಅವನ ಹೊಣೆ.

ಮನೆಗಳಲ್ಲಿ ಕಾಣುವ ‘ಎಂ.ಸಿ.ಬಿ.’ ಈ ಎರಡು ಕೆಲಸಗಳನ್ನು ಇಬ್ಬರಿಗೆ ಹಂಚಿದೆ. ಜರ್ಮನಿಯ ಹ್ಯೂಗೊ ಸ್ಟಾಟ್ಸ್‌ನ ಸಂಸ್ಥೆಯು 1924ರಲ್ಲಿ ಇದಕ್ಕೆ ರೂಪ ಕೊಟ್ಟಿತು. ಅದರೊಳಗಿನ ಜೋಡಿಲೋಹದ ಪಟ್ಟಿಯು ಸಾಧಾರಣ ಏರಿಕೆಗೆ ನಿಧಾನವಾಗಿ ಬಾಗುತ್ತದೆ. ವಿದ್ಯುತ್ಕಾಂತವು ಭಾರಿ ಏರಿಕೆಗೆ ಥಟ್ಟನೆ ಕೊಂಡಿಯನ್ನು ಕಳಚುತ್ತದೆ.

ಉಪಕೇಂದ್ರದಲ್ಲಿ ಈ ಕೆಲಸವನ್ನು ‘ರಿಲೇ’ ಮಾಡುತ್ತದೆ. ಉಪಕೇಂದ್ರದಿಂದ ಹಳ್ಳಿಯವರೆಗೆ ಸಾಲಾಗಿ ಕಾವಲುಗಳಿದ್ದರೆ, ದೋಷಕ್ಕೆ ಅತಿ ಸಮೀಪದ ಕಾವಲೇ ಮೊದಲು ಎಚ್ಚರಗೊಳ್ಳಬೇಕು. ಹಿಂದಿನದು ಸೆಕೆಂಡಿನ ಹತ್ತನೆಯ ಮೂರು-ನಾಲ್ಕು ಭಾಗದಷ್ಟು ಕಾದು ನೋಡಬೇಕು. ಇಲ್ಲವಾದರೆ ಒಂದು ಬಾವಿಯ ದೋಷಕ್ಕೆ ಹತ್ತು ಹಳ್ಳಿಗಳು ದಂಡ ತೆರಬೇಕಾಗುತ್ತದೆ. ಆದರೆ ಕಾಯುವ ಈ ಸಮಯವು ಹಿಂದೆ ಹಿಂದೆ ಕೂಡುತ್ತಾ ಹೋಗುತ್ತದೆ. ಪ್ರವಾಹವು ಅತ್ಯಂತ ಪ್ರಬಲವಾಗಿರುವ ಉಪಕೇಂದ್ರದ ಬಳಿಯಲ್ಲಿಯೇ ಕಾವಲುಗಾರನು ಹೆಚ್ಚು ಹೊತ್ತು ಕಾಯಬೇಕಾಗುವುದು ಈ ಪದ್ಧತಿಯ ದೊಡ್ಡ ಕೊರತೆ. ಇಂದಿನ ಗಣಕ ರಿಲೇಗಳು ಇದನ್ನು ನೀಗಿಸಲು ಯತ್ನಿಸುತ್ತವೆ. ನಮ್ಮ ವಿದ್ಯುತ್ತಿನ ಒಂದು ಆವರ್ತಕ್ಕೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಹಿಡಿಯುತ್ತದೆ. ಪ್ರವಾಹ ಎಷ್ಟಾಯಿತೆಂದು ಅಳೆಯಲು ಇಡೀ ಆವರ್ತ ಮುಗಿಯಲೆಂದು ಕಾಯದೆ, ಅದು ಎಷ್ಟು ಕಡಿದಾಗಿ ಏರುತ್ತಿದೆ, ಅಲೆಯ ಆಕಾರ ಹೇಗಿದೆ ಎಂಬುದನ್ನು ನೋಡಿ ಕೆಲವೇ ಮಿಲಿಸೆಕೆಂಡುಗಳಲ್ಲಿ ತೀರ್ಮಾನಿಸುವ ವಿಧಾನಗಳಿವೆ. ಟಿ.ಸಿ. ಎಚ್ಚರಗೊಳ್ಳುವಾಗಿನ ಅಲೆಯು ಒಂದೇ ಕಡೆಗೆ ವಾಲಿರುವುದರಿಂದ ಅದನ್ನು ದೋಷದಿಂದ ಬೇರ್ಪಡಿಸಬಹುದು.

ಇಷ್ಟು ಚುರುಕಾದ ಸಾಧನಕ್ಕೂ ಕಾಣದ ಅಪಾಯವೊಂದಿದೆ. ತಂತಿ ಹರಿದು ಒಣನೆಲದ ಮೇಲೆ ಬಿದ್ದಿತೆನ್ನಿ. ಒಣಮಣ್ಣು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡದು. ಆಗ ಹರಿಯುವ ಪ್ರವಾಹವು ಒಂದು ಪಂಪು ಎಳೆಯುವುದಕ್ಕಿಂತಲೂ ಕಡಿಮೆ ಇರಬಹುದು. ಅತಿಪ್ರವಾಹವನ್ನಷ್ಟೇ ಬಲ್ಲ ರಿಲೇಗೆ ಅದು ದೋಷವೆನಿಸುವುದೇ ಇಲ್ಲ. ಮನುಷ್ಯನ ಪ್ರಾಣಕ್ಕೆ ಎರವಾಗಲು ಒಂದು ಆಂಪಿಯರಿನ ಹತ್ತನೆಯ ಒಂದು ಭಾಗವೂ ಸಾಕು. ಇಂಥ ತಂತಿಯ ತುದಿಯಲ್ಲಿ ಕಿಡಿ ಹಾರುವಾಗ ಪ್ರವಾಹದಲ್ಲಿ ಉಂಟಾಗುವ ಅಂಕುಡೊಂಕುಗಳನ್ನು ಗುರುತಿಸುವ ಉಪಾಯಗಳು ಬಂದಿವೆಯಾದರೂ ಅವು ಎಲ್ಲ ಸಂದರ್ಭಗಳಲ್ಲಿಯೂ ನೆರವಾಗುವುದಿಲ್ಲ. ಹೊಲದಲ್ಲಿ ಬಿದ್ದ ತಂತಿಯು ಕಿಡಿ ಕಾರದೆ ತಣ್ಣಗೆ ಮಲಗಿದ್ದರೂ ಅದರಲ್ಲಿ ವಿದ್ಯುತ್ತು ಹರಿಯುತ್ತಿರಬಹುದು. ಲೈನ್‌ಮನ್ ಬಂದು ಉಪಕೇಂದ್ರದಲ್ಲಿ ಸರಬರಾಜನ್ನು ನಿಲ್ಲಿಸಿರುವುದನ್ನು ಖಚಿತಪಡಿಸಿಕೊಳ್ಳುವವರೆಗೆ ಜನರೂ ದನಗಳೂ ಅತ್ತ ಸುಳಿಯದಂತೆ ದೂರದಲ್ಲಿ ನಿಂತು ಕಾಯುವವರು ಬೇಕಾಗುತ್ತಾರೆ.