ಜಕ್ಕಾಯನ ಮನೆಗೆ ಬಂದ ರಕ್ಷಣೆ



ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಮನೆಗೆ ತಂದ ದಿನ ಮನಸ್ಸು ಎಷ್ಟು ಹಗುರಾಗುತ್ತದೆ ಎಂದು ನಮಗೆಲ್ಲ ಗೊತ್ತು. ‘ವಿಮೋಚನೆ’ ಎಂದರೂ ಇಂಥ ಬಿಡುಗಡೆಯೇ. ಬಡತನದಿಂದ ಹೊಲ ಮಾರಿಕೊಂಡವನಿಗೆ ಹತ್ತಿರದ ನೆಂಟ ಅದನ್ನು ಬಿಡಿಸಿಕೊಡಬೇಕು ಎಂಬ ಕಟ್ಟಳೆ ಬೈಬಲಿನ ಯಾಜಕಕಾಂಡ 25ನೇ ಅಧ್ಯಾಯದಲ್ಲಿದೆ. ನಾವಾಗಿ ಬಿಡಿಸಿಕೊಳ್ಳಲಾಗದ ಪಾಪದ ಹಿಡಿತದಿಂದ ನಮ್ಮನ್ನು ಬಿಡಿಸಲು ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣವನ್ನೇ ಕೊಟ್ಟರು ಎಂಬುದು ಕ್ರೈಸ್ತರಾದ ನಮ್ಮ ವಿಶ್ವಾಸ. ಸಂಘದಲ್ಲಿರುವ ಬೇರೆ ಧರ್ಮದ ಸಹೋದರಿಯರಿಗೂ ಈ ಕಥೆಯಲ್ಲಿ ಯೋಚಿಸುವ ವಿಷಯವಿದೆ.

ಕರೆ ಮೊದಲು, ಲೆಕ್ಕ ಆಮೇಲೆ

ಲೂಕನ ಶುಭಸಂದೇಶದ 19ನೇ ಅಧ್ಯಾಯ ನೋಡೋಣ. ಜೆರಿಕೋ ಪಟ್ಟಣದ ಜಕ್ಕಾಯ ಸುಂಕದವರ ಮುಖ್ಯಸ್ಥ, ಸಾಹುಕಾರ. ಸುಂಕದವರು ಹೆಚ್ಚಿಗೆ ಕಿತ್ತುಕೊಳ್ಳುತ್ತಾರೆ ಎಂದು ಜನರಿಗೆ ಸಿಟ್ಟು. ಕುಳ್ಳನಾದ ಅವನು ಯೇಸುಸ್ವಾಮಿಯನ್ನು ನೋಡಲು ಅತ್ತಿಮರ ಹತ್ತಿದ. ಸ್ವಾಮಿ ಅವನನ್ನು ಹೆಸರು ಹಿಡಿದು ಕರೆದರು, ಅವನ ಮನೆಗೇ ಹೋದರು. ‘ಮೊದಲು ಲೆಕ್ಕ ಸರಿಮಾಡು, ಆಮೇಲೆ ಬರ್ತೇನೆ’ ಎಂಬ ಷರತ್ತು ಹಾಕಲಿಲ್ಲ. ಇದೇ ಕೃಪೆ. ಅದನ್ನು ದುಡ್ಡು ಕೊಟ್ಟು ಕೊಳ್ಳಲಾಗದು.

ಆದರೆ ಜಕ್ಕಾಯ ಸುಮ್ಮನೆ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಎಲ್ಲರ ಮುಂದೆ ಹೇಳಿದ. ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಎಂದು ಸಂಖ್ಯಾಕಾಂಡ 5ನೇ ಅಧ್ಯಾಯ ಹೇಳುತ್ತದೆ. ಅಂದರೆ 100 ರೂಪಾಯಿಗೆ 120. ಜಕ್ಕಾಯ ಕೊಡಲು ಒಪ್ಪಿದ್ದು 400! ಆ ಮನೆಗೆ ರಕ್ಷಣೆ ಬಂದಿದೆಯೆಂದು ಸ್ವಾಮಿ ಸಾರಿದರು.

ನಮ್ಮ ಬಾಕಿ

ಪಾಪನಿವೇದನೆ ಮಾಡಿದೆವು, ಮುಗಿಯಿತು ಎಂದು ನಾವು ಅಂದುಕೊಳ್ಳುವುದುಂಟು. ಕ್ಷಮೆ ಪಾಪವನ್ನು ಕಳೆಯುತ್ತದೆ ನಿಜ. ಆದರೆ ಕದ್ದದ್ದನ್ನು ಹಿಂತಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಕಲಿಸುತ್ತದೆ.

ಒಬ್ಬಳ ಹೆಸರಲ್ಲಿ ಸಾಲ ತೆಗೆದು ಇನ್ನೊಬ್ಬಳು ಬಳಸಿಕೊಂಡು ಕಂತು ಕಟ್ಟದಿದ್ದರೆ, ವಸೂಲಿಗೆ ಬರುವವರು ಯಾರ ಬಾಗಿಲಿಗೆ ಬರ್ತಾರೆ? ಸಭೆಗೆ ಬಾರದವಳ ಬಗ್ಗೆ ಇಲ್ಲದ್ದು ಆಡಿ ಮರ್ಯಾದೆ ಕಳೆದರೆ, ಆ ಬಾಕಿ ಯಾವ ಪಾಸ್‌ಬುಕ್ಕಿನಲ್ಲಿದೆ?

ಇನ್ನೊಂದು ಮಾತು. ಸ್ವಾಮಿ ಪಾಪಿಯ ಮನೆಗೆ ಹೋದರೆಂದು ಅಂದು ಜನ ಗೊಣಗಿದರು. ತಪ್ಪೊಪ್ಪಿಕೊಂಡು ಬಂದವಳನ್ನು ನಾವು ‘ಕಳ್ಳಿ’ ಎಂದರೆ, ನಾಳೆ ಯಾರೂ ಬಾಯಿ ಬಿಡುವುದಿಲ್ಲ. ಹಣವೂ ಬಾರದು, ಸಹೋದರಿಯೂ ಉಳಿಯಳು. ಕೂತು ಮಾತಾಡಿ, ಅವಳ ಕೈಲಾಗುವ ಕಂತು ಗೊತ್ತುಮಾಡೋಣ. ಮನ್ನಿಸುವುದೆಂದರೆ ಲೆಕ್ಕ ಮರೆಯುವುದಲ್ಲ. ತೀರಿಸಲು ದಾರಿ ಮಾಡಿಕೊಡುವುದು.

ವಾರ ವಾರದ ಉಳಿತಾಯದಂತೆ ಆತ್ಮದ ಬೆಳವಣಿಗೆಯೂ ಸ್ವಲ್ಪ ಸ್ವಲ್ಪವಾಗಿ ಆಗುವಂಥದ್ದು. ರಾತ್ರಿ ಮಲಗುವ ಮುಂಚೆ ಐದು ನಿಮಿಷ ದಿನದ ಲೆಕ್ಕ ನೋಡಿ, ದೇವರಲ್ಲಿ ಕ್ಷಮೆ ಕೇಳಿ, ನಾಳೆ ಸರಿಪಡಿಸಬೇಕಾದ ಒಂದನ್ನು ಗುರುತಿಸಿಕೊಳ್ಳೋಣ.

ಸಭೆಯಲ್ಲಿ ಚರ್ಚಿಸೋಣ

1. ಜಕ್ಕಾಯನನ್ನು ಬದಲಿಸಿದ್ದು ಹೆದರಿಕೆಯೋ, ಪ್ರೀತಿಯೋ?
2. ಹಣ ಬಿಟ್ಟು ನಾವು ಹಿಂತಿರುಗಿಸಬೇಕಾದದ್ದು ಏನೇನಿದೆ?
3. ತಪ್ಪೊಪ್ಪಿಕೊಂಡ ಸದಸ್ಯೆಯ ಜೊತೆ ನಮ್ಮ ಸಂಘ ಹೇಗೆ ನಡೆದುಕೊಳ್ಳಬೇಕು?

ಈ ವಾರದ ನಿರ್ಧಾರ: ನಮ್ಮಿಂದ ನೊಂದ ಒಬ್ಬರ ಮನೆಗೆ ನಾವೇ ಹೋಗಿ ಬರೋಣ.