ಪದ್ಯ ಒಡೆಯದ ಪುಟ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಬಡಗುತಿಟ್ಟಿನ ಯಕ್ಷಗಾನ ಪ್ರಸಂಗಗಳನ್ನು ವೆಬ್ ಪುಟದಿಂದ ಮುದ್ರಿಸಿದರೆ, 6 ಸಾಲಿನ ಭಾಮಿನಿ ಷಟ್ಪದಿ ಅರ್ಧಕ್ಕೇ ತುಂಡಾಗಿ ಮುಂದಿನ ಪುಟಕ್ಕೆ ಜಾರುವುದುಂಟು. ಭಾಗವತರ ಕೈಯಲ್ಲಿ ತಾಳವಿರುತ್ತದೆ. ಪದ್ಯದ ನಡುವೆ ಹಾಳೆ ಮಗುಚುವುದು ನಿಜಕ್ಕೂ ಕಷ್ಟ. ಆದ್ದರಿಂದ ಪ್ರತಿ ಪದ್ಯವನ್ನೂ ಬೇರೆ ಬ್ಲಾಕಾಗಿಸಿ, ಸಿಎಸ್‌ಎಸ್‌ನ ಮುದ್ರಣ ವಿಭಾಗದಲ್ಲಿ ಅದಕ್ಕೆ ‘ಬ್ರೇಕ್-ಇನ್‌ಸೈಡ್: ಅವಾಯ್ಡ್’ ಎಂಬ ನಿಯಮ ಕೊಡಬೇಕು. ಪುಟದ ಅಡಿಯಲ್ಲಿ ತುಸು ಜಾಗ ಖಾಲಿ ಉಳಿದೀತು, ಉಳಿಯಲಿ. ರಾಗ-ತಾಳದ ಹೆಸರು ಪದ್ಯದಿಂದ ಅಗಲದಿರಲು ‘ಬ್ರೇಕ್-ಆಫ್ಟರ್: ಅವಾಯ್ಡ್’ ಇದೆ, ಆದರೆ ಎಲ್ಲ ಬ್ರೌಸರುಗಳೂ ಅದನ್ನು ಒಂದೇ ರೀತಿ ಪಾಲಿಸದ ಕಾರಣ ಹೆಸರನ್ನು ಪದ್ಯದ ಬ್ಲಾಕಿನೊಳಗೇ ಇಡುವುದು ಭದ್ರ. ಹೊಸ ಪ್ರಸಂಗಕ್ಕೆ ‘ಬ್ರೇಕ್-ಬಿಫೋರ್: ಪೇಜ್’ ಸಾಕು. ಒತ್ತಕ್ಷರಗಳಿಗಾಗಿ ಸಾಲಿನ ಅಂತರ ಹೆಚ್ಚಿಸಿದಾಗಲೆಲ್ಲ ಪುಟಗಳು ಬದಲಾಗುತ್ತವೆ. ಆಗ ಮುದ್ರಣದ ಮುನ್ನೋಟವನ್ನು ಮತ್ತೆ ನೋಡಬೇಕು.