ನೆಲದಡಿಯ ಸ್ಫೋಟವನ್ನು ಹಿಡಿಯೋದು ಹೇಗೆ?

"ಇನ್ನು ಅಣುಬಾಂಬ್ ಪರೀಕ್ಷೆ ಮಾಡಲ್ಲ" ಅಂತ ಒಂದು ದೇಶ ಮಾತು ಕೊಟ್ಟರೆ ಉಳಿದವರು ನಂಬೋದು ಹೇಗೆ? ನಿಶ್ಶಸ್ತ್ರೀಕರಣದ ದೊಡ್ಡ ತೊಡಕು ಇದು. ಇದಕ್ಕೆ ಉತ್ತರ ಹುಡುಕುವ ಒಂದು ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ.

ಗೌರಿಬಿದನೂರಿನಲ್ಲಿ 1965ರಿಂದ ಕಂಪನ ಮಾಪಕಗಳ ಸಾಲು ಕೆಲಸ ಮಾಡುತ್ತಿದೆ. ಎಲ್ ಆಕಾರದಲ್ಲಿ 20 ಮಾಪಕಗಳಿವೆ. 1998ರ ಮೇ 28ರಂದು ಪಾಕಿಸ್ತಾನದ ಚಾಗೈನಲ್ಲಿ ಆದ ಸ್ಫೋಟವೂ ಇಲ್ಲಿ ದಾಖಲಾಯಿತು.

ಇಷ್ಟೊಂದು ಮಾಪಕ ಯಾಕೆ? ದೂರದ ಅಲೆ ಒಂದೊಂದು ಮಾಪಕಕ್ಕೆ ಒಂದೊಂದು ಕ್ಷಣದಲ್ಲಿ ತಲುಪುತ್ತೆ. ಆ ವ್ಯತ್ಯಾಸ ಸರಿಪಡಿಸಿ ಎಲ್ಲ ಸಿಗ್ನಲ್ ಕೂಡಿಸಿದರೆ ಅಲೆ ಬೆಳೆಯುತ್ತೆ, ಗದ್ದಲ ಅಷ್ಟು ಬೆಳೆಯಲ್ಲ. ಗದ್ದಲಗಳು ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ 20 ಮಾಪಕಗಳಿಂದ ಸಿಗ್ನಲ್-ನಾಯ್ಸ್ ಅನುಪಾತ 20ರ ವರ್ಗಮೂಲದಷ್ಟು, ಅಂದರೆ ಸುಮಾರು 4.5 ಪಟ್ಟು ಸುಧಾರಿಸುತ್ತೆ.

ಭೂಕಂಪವೋ ಬಾಂಬೋ ಅಂತ ತಿಳಿಯೋದು? ಭೂಕಂಪದಲ್ಲಿ ಬಂಡೆ ಜಾರುತ್ತೆ. ಎಸ್ ಅಲೆ, ಮೇಲ್ಮೈ ಅಲೆಗಳು ಜೋರಾಗಿರುತ್ತವೆ. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತೆ. ಪಿ ಅಲೆ ಎದ್ದು ಕಾಣುತ್ತೆ, ಮೇಲ್ಮೈ ಅಲೆ ಸಣ್ಣದು.

ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ 1996ರಲ್ಲೇ ಸಹಿಗೆ ಬಂತು. ಭಾರತ ಸಹಿ ಹಾಕಿಲ್ಲ, ಒಪ್ಪಂದ ಇನ್ನೂ ಜಾರಿಯಾಗಿಲ್ಲ. ಹಾಕಬೇಕೋ ಬೇಡವೋ ಅನ್ನೋದು ರಾಜಕೀಯ ಚರ್ಚೆ. ಆದರೆ ಕದ್ದು ಪರೀಕ್ಷೆ ಮಾಡಿದರೆ ಸಿಕ್ಕಿಬೀಳ್ತಾರಾ, ಎಷ್ಟು ಸಣ್ಣ ಸ್ಫೋಟ ತಪ್ಪಿಸಿಕೊಳ್ಳಬಹುದು ಅನ್ನೋದು ಇಂಜಿನಿಯರಿಂಗ್ ಪ್ರಶ್ನೆ. ಅದನ್ನು ಜನರಿಗೆ ಅರ್ಥವಾಗುವಂತೆ ಹೇಳೋದು ನಮ್ಮಂಥವರ ಕೆಲಸ.